ತೂಬು ಹದಿನೇಳು

ಹೂಟಗಳ್ಳಿಯ ಶೆಡ್ಡಿನಲ್ಲಿ, ಲೇತಿನ ಸದ್ದಿನ ಮೇಲಣ ಅಟ್ಟದಲ್ಲಿ
ನಮ್ಮ ಡ್ರಾಯಿಂಗು ಕೋಣೆ. ನಾಲ್ಕು ಕಂಪ್ಯೂಟರು, ಒಂದು ಫ್ಯಾನು,
ಹಳೆ ಅಮೋನಿಯಾ ಪ್ರಿಂಟಿನ ವಾಸನೆ ಗೋಡೆ ಬಿಟ್ಟು ಹೋಗಿಲ್ಲ.
ಇಲ್ಲಿ ಗೆರೆಯಾದದ್ದು ಕೆಳಗೆ ಕಬ್ಬಿಣವಾಗುತ್ತದೆ,
ಕಬ್ಬಿಣವಾದದ್ದು ಮಂಡ್ಯದ ಕಡೆ ನಾಲೆಗೆ ಬಾಗಿಲಾಗುತ್ತದೆ.

ಆಷಾಢದಲ್ಲಿ ಇನ್ನಾಸಪ್ಪ ಸಾರ್ ಹೊಸ ಸರ್ವರು ತಂದರು.
"ಇನ್ಮೇಲೆ ಎಲ್ಲಾ ಇದರೊಳಗೆ. ತಗೊಂಡೋರ ಹೆಸರು, ಇಟ್ಟೋರ ಹೆಸರು,
ಯಾಕೆ ಮುಟ್ಟಿದ್ರಿ ಅನ್ನೋದು, ಮೂರೂ ಬರೀಬೇಕು.
ಹಳೇದನ್ನ ಜೋಡಿಸಿ ಒಳಗೆ ಹಾಕೋದು ವನಮಾಲಾ."

ಹಳೇದು ಅಂದರೆ ಅದೊಂದು ಮದುವೆ ಮುಗಿದ ಛತ್ರ.
ತೂಬು ೧೭. ತೂಬು ೧೭ ಹೊಸದು. ತೂಬು ೧೭ ಕೊನೆಯದು.
ತೂಬು ೧೭ ನಿಜವಾದ ಕೊನೆಯದು.
ತೂಬು ೧೭ ಕೊನೆಯದು ಇದಲ್ಲ.
ತೂಬು ೧೭ ಮಾದೇಶನ ಪೆನ್‌ಡ್ರೈವಿನದು, ಯಾರೂ ಅಳಿಸಬೇಡಿ.
ಕೊನೆ ಎಂಬ ಮಾತಿಗೆ ಇಷ್ಟು ಮಕ್ಕಳೆಂದು
ನನಗೆ ಗೊತ್ತಿರಲಿಲ್ಲ.

ತಾರೀಖು ನೋಡಿ ನೋಡಿ ಸಾಲಿಗೆ ನಿಲ್ಲಿಸಿದೆ,
ಶಾಲೆಯ ಪ್ರಾರ್ಥನೆಗೆ ನಿಲ್ಲಿಸುವ ಹಾಗೆ, ಕುಳ್ಳರು ಮುಂದೆ.
ಹಲಗೆ, ತಿರುಪು, ಕೈಚಕ್ರ, ಬಿಡಿ ಬಿಡಿ ಭಾಗಗಳು,
ಯಾವ ಮನೆಯ ಕೂಸು ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ.
ದಾರಿ ತಪ್ಪಿದ ಬೋಲ್ಟೊಂದನ್ನು ಅದರ ಅಸೆಂಬ್ಲಿಗೆ ಸೇರಿಸಲು
ಒಂದು ಮಧ್ಯಾಹ್ನ ಹೋಯಿತು, ಡಬ್ಬಿಯ ಉಪ್ಪಿಟ್ಟು ತಣ್ಣಗಾಯಿತು.

ಹದಿಮೂರನೆಯದನ್ನೂ ಹದಿನಾಲ್ಕನೆಯದನ್ನೂ ಅಕ್ಕಪಕ್ಕ ತೆರೆದಾಗ
ಒಂದೇ ಒಂದು ಕಡೆ ಕೆಂಪಾಯಿತು.
ಹಲಗೆಗೂ ಜಾಡಿಗೂ ನಡುವಿನ ಸಂದು:
ಆರು ಮಿಲಿಮೀಟರು ಇದ್ದದ್ದು ಮೂರು.

ಆ ಮೂರು ನನಗೆ ಗೊತ್ತು. ಎಲ್ಲರಿಗೂ ಗೊತ್ತು.
ಎರಡು ವರ್ಷದ ಹಿಂದೆ ಮದ್ದೂರಿನ ಆಚೆ, ನಾಲೆಯ ಕವಲಿನಲ್ಲಿ
ಬಾಗಿಲು ಅರ್ಧಕ್ಕೆ ಕಚ್ಚಿಕೊಂಡು, ಮೇಲೂ ಇಲ್ಲ ಕೆಳಗೂ ಇಲ್ಲ,
ನಾಲ್ಕು ದಿನ ನೀರು ಬೇಡದ ಗದ್ದೆಗೆ ಹರಿಯಿತು.
ಡ್ರಾಯಿಂಗಿನ "ನೋಡಿದವರು" ಚೌಕದಲ್ಲಿ ಲಿಂಗಾಚಾರರ ಸಹಿ.
ಮೂವತ್ತೊಂದು ವರ್ಷ ಗೆರೆ ಎಳೆದ ಕೈಯನ್ನು
ಸ್ಟೋರಿನಲ್ಲಿ ಬೋಲ್ಟು ಎಣಿಸಲು ಕಳಿಸಿದರು.

ಫೈಲಿನ ಹೊಟ್ಟೆಯೊಳಗೆ ಹೆಸರಿತ್ತು.
ಬದಲಿಸಿದವರು: ವನಮಾಲಾ.
ಮಂಗಳವಾರ, ಸಂಜೆ ಐದು ಐವತ್ತೆಂಟು.
ಆರು ಗಂಟೆಗೆ ಇಲವಾಲದ ಬಸ್ಸು.
ಯಾಕೆಂದು ಬರೆಯುವ ಜಾಗ ಆಗ ಇರಲಿಲ್ಲ;
ಇದ್ದಿದ್ದರೂ "ಚಿಕ್ಕ ತಿದ್ದುಪಡಿ" ಎಂದೇ ಬರೆಯುತ್ತಿದ್ದೆ.

ಹದಿನಾಲ್ಕನ್ನು ಬಿಟ್ಟು ಮಿಕ್ಕವನ್ನು ಒಳಗೆ ಹಾಕಬಹುದಿತ್ತು.
ಅಷ್ಟೊಂದು ಕೊನೆಗಳಲ್ಲಿ ಒಂದು ಕೊನೆ ಕಳೆದರೆ
ಕೇಳುವವರು ಯಾರು?
ಬೆರಳು ಅಳಿಸುವ ಗುಂಡಿಯ ಮೇಲೆ ಇತ್ತು,
ಕೆಳಗೆ ಲೇತು ಒಂದು ಶಾಫ್ಟು ತಿರುವಿ ಮುಗಿಸುವಷ್ಟು ಹೊತ್ತು.

ಸ್ಟೋರಿಗೆ ಇಳಿದೆ.
ಕನ್ನಡಕ ಹಣೆಗೇರಿಸಿ ವಾಷರು ಎಣಿಸುತ್ತಿದ್ದರು.
ಹೇಳಿದೆ. ಅವರ ಎಣಿಕೆ ತಪ್ಪಲಿಲ್ಲ.
"ಎಂಬತ್ತಾರು... ಎಂಬತ್ತೇಳು... ಗೊತ್ತಿತ್ತು ಕಣವ್ವ.
ನೋಡಬೇಕಾದೋನು ನಾನು, ನೋಡ್ಲಿಲ್ಲ.
ಸಹಿ ಅನ್ನೋದು ರಂಗೋಲಿ ಅಲ್ಲವಲ್ಲ.
ನೀನು ಈ ಮೆಟ್ಟಿಲಿಳಿಯೋಕೆ ಎರಡು ವರ್ಷ ತಗೊಂಡೆ,
ಅದೊಂದೇ ಬೇಜಾರು."
ಗೊತ್ತಿರಲಿಲ್ಲ, ಎಂದೆ. ಅರ್ಧ ನಿಜ.

ಮೇಲೆ ಬಂದು ಹದಿನಾಲ್ಕನ್ನು ಅದರ ಜಾಗದಲ್ಲೇ ಇಟ್ಟು
ಖಾಲಿ ಚೌಕದಲ್ಲಿ ಟೈಪು ಮಾಡಿದೆ:
"ಸಂದು ಆರರಿಂದ ಮೂರಾದದ್ದು ನನ್ನ ಕೈಯಿಂದ,
ಬಸ್ಸಿನ ಅವಸರಕ್ಕೆ, ಯಾರನ್ನೂ ಕೇಳದೆ. ವನಮಾಲಾ."
ಒಳಗೆ ಹೋಯಿತು. ಸಣ್ಣ ಬೀಗದ ಚಿತ್ರ ಹಸಿರಾಯಿತು.
ಇನ್ನಾಸಪ್ಪ ಸಾರ್ ಇದನ್ನೆಲ್ಲ ಸೋಮವಾರ ಓದುತ್ತಾರಂತೆ.
ಇಂದು ಶುಕ್ರವಾರ.

ಹೊರಡುವಾಗ ಲಿಂಗಾಚಾರರು ಗೇಟಿನ ಬಳಿ ನಿಂತಿದ್ದರು,
ಕೈಯಲ್ಲಿ ರಟ್ಟಿನ ಚೂರುಗಳು, ಒಂದು ಮಾರ್ಕರು.
"ನಿನ್ನ ಡ್ರಾಯಿಂಗಿನ ನಂಬರೇ ನನ್ನ ಪೆಟ್ಟಿಗೆಗೂ ಬರಕೊಡು,
ಒಂದೇ ಬೋಲ್ಟಿಗೆ ಇಲ್ಲಿ ಮೂರು ಹೆಸರು."
ಬರೆಯುತ್ತಾ ಕೂತೆ.
ಆರು ಗಂಟೆಯ ಬಸ್ಸು ಹೋಯಿತು.